ಬಾಜೂ ಕೆಲಸದ ಮೂರು ಕ್ಯಾಸೆಟ್

ನಮ್ಮ ಕಾಕುಗೆ ಮಾತಿಲ್ಲದ ಹಾಡು ಬೇಕಾಗಿತ್ತು.

ತೊಂಬತ್ತರ ದಶಕದ ನಡುವಿನ ವರ್ಷಗಳವು. ನಾನು ಮೂಡಲಗಿಯಲ್ಲಿ ಅಪ್ಪನ ತಮ್ಮನಾದ ಕಾಕಾ, ಆತನ ಹೆಂಡತಿ ಕಾಕು ಇವರ ಮನೆಯಲ್ಲಿದ್ದು, ಗೋಕಾಕದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಕಾಕಾನದು ಅರಿಷಿಣ, ಬೆಲ್ಲದ ವ್ಯಾಪಾರ. ಮನೆಯಲ್ಲಿ ಹದಿಮೂರು ಮಂದಿ, ಮೇಲೆ ಅಂಗಡಿಗೆ ಬಂದವರೆಲ್ಲ ಊಟಕ್ಕೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆ ನಮ್ಮದು, ಹಾಗಾಗಿ ನಾಲ್ಕು ಗಂಟೆಗೆಲ್ಲ ಮತ್ತೆ ಒಲೆ ಹೊತ್ತಬೇಕು. ಕಾಕುಗೆ ಉಳಿಯುತ್ತಿದ್ದುದು ಮಧ್ಯಾಹ್ನದ ಒಂದೂವರೆ ತಾಸು ಮಾತ್ರ. ಆಗ ಅವಳು ಹಿಂದಿನ ಕೋಣೆಯಲ್ಲಿ ಅರಿಷಿಣದ ಚೀಲಗಳ ನಡುವೆ ಚಾಪೆ ಹಾಸಿಕೊಂಡು, ತಲೆ ಹತ್ತಿರ ಟೇಪ್ ರಿಕಾರ್ಡರ್ ಇಟ್ಟುಕೊಂಡು ಮಲಗುತ್ತಿದ್ದಳು.

"ಮುಂಜಾನಿಂದ ಮಂದಿ ಮಾತು ಕೇಳಿ ಕೇಳಿ ಕಿವಿ ಸೋತಾವ. ಹಾಡಿನ್ಯಾಗೂ ಮತ್ತ ಮಾತಽ. ಬರೇ ವಾದ್ಯ ಇರೂದು ಸಿಕ್ಕರ ತಗೊಂಡು ಬಾ ತಂಗಿ," ಅಂದಳು ಒಂದು ದಿನ.

ಗೋಕಾಕದ ಬಸ್ ಸ್ಟ್ಯಾಂಡ್ ಹತ್ತಿರದ ಕ್ಯಾಸೆಟ್ ಅಂಗಡಿಯವರು ಬಹಳ ಹೊತ್ತು ಹುಡುಕಿ, ಮೆಟ್ಟಿಲ ಮೇಲೆ ಗಿಟಾರ್ ಹಿಡಿದು ಕೂತ ಉದ್ದ ಕೂದಲಿನ ಬಿಳಿಯನ ಚಿತ್ರವಿದ್ದ ಒಂದು ಕ್ಯಾಸೆಟ್ ಕೊಟ್ಟರು.

"ಇದರಾಗ ಒಂದ ಮಾತಿಲ್ರಿ. ಈತನ ಖರೆ ಕೆಲಸ ಬ್ಯಾರೆ. ಹೆವಿ ಮೆಟಲ್ ಬ್ಯಾಂಡಿನ್ಯಾಗ ಕಿವಿ ಹರಿಯೂ ಹಂಗ ಬಾರಸ್ತಾನ. ಇದು ಆತನ ಬಾಜೂ ಕೆಲಸ," ಅಂದರು.

ಕಾಕು ಅದನ್ನು ಹಾಕಿ ಮಲಗಿದಳು. ನಾನೂ ಪಕ್ಕದಲ್ಲಿ ಅಡ್ಡಾದೆ. ಬೆಳಕಿಂಡಿಯಿಂದ ಇಳಿದ ಬಿಸಿಲಿನಲ್ಲಿ ಹಳದಿ ಧೂಳು ತೇಲುತ್ತಿತ್ತು. ಗಿಟಾರಿನ ದನಿ ಒಂದೊಂದಾಗಿ ಬಂದು, ಹೋಗಲೋ ಬೇಡವೋ ಎಂಬಂತೆ ನಿಂತು, ಕರಗುತ್ತಿತ್ತು. ಅಂದು ಕರೆಂಟು ಇರಲಿಲ್ಲ, ಹಳೆಯ ಸೆಲ್ಲುಗಳ ಮೇಲೆ ಟೇಪು ನಡೆಯುತ್ತಿತ್ತು. ಬರಬರುತ್ತ ಹಾಡು ನಿಧಾನವಾಗಿ, ದನಿ ದಪ್ಪವಾಗಿ, ಯಾರೋ ನೀರೊಳಗೆ ನಡೆದುಹೋದಂತೆ ಕೇಳಿಸಿತು. ಕಾಕು ಕಣ್ಣು ಮುಚ್ಚಿಕೊಂಡೇ, "ನಮ್ಮೂರ ಕಾಲುವಿ ದಂಡಿಗೆ ಹೋಗಿ ಕುಂತಂಗ ಆತು," ಅಂದಳು. ಅವಳ ತವರು ಬೆಲ್ಲದ ಬಾಗೇವಾಡಿ.

ಮರುದಿನ ಹೊಸ ಸೆಲ್ಲು ಹಾಕಿದೆ. "ಇವತ್ತ ಯಾಕ ಇಷ್ಟು ಅವಸರ ಮಾಡಾಕತ್ತಾನ ಇಂವಾ?" ಅಂತ ಅವಳು ಎದ್ದು ಕೂತಳು. ಆಮೇಲೆ ಹಳೆಯ ಸೆಲ್ಲುಗಳನ್ನು ಎಸೆಯಲು ಬಿಡಲಿಲ್ಲ.

ಎರಡು ವರ್ಷದಲ್ಲಿ ಆತನದೇ ಇನ್ನೆರಡು ಕ್ಯಾಸೆಟ್ ಸಿಕ್ಕವು. ಎರಡನೆಯದರಲ್ಲಿ ಗಿಟಾರಿನ ಹಿಂದೆ ನೂರಾರು ಪಿಟೀಲುಗಳಿದ್ದಂತಿತ್ತು. ಮೂರನೆಯದರಲ್ಲಿ ಆತ ಮತ್ತು ಒಂದು ಕಟ್ಟಿಗೆಯ ಗಿಟಾರು ಇಷ್ಟೇ. ನಡುವೆ ಆತನ ಉಸಿರು, ಕುರ್ಚಿ ಕಿರುಗುಟ್ಟಿದ್ದೂ ಕೇಳಿಸುತ್ತಿತ್ತು. ನನಗೆ ಅದರ ಹುಚ್ಚು ಹಿಡಿಯಿತು. ಕಾಕು ಮಾತ್ರ ಮೊದಲನೆಯದನ್ನು ಬಿಟ್ಟುಕೊಡಲಿಲ್ಲ.

"ಮೂರನೇದರಾಗ ಭಾಳ ಒಬ್ಬಂಟಿ ಅದಾನ. ಕೇಳಿದ್ರ ಎದಿ ಹಿಂಡತೈತಿ. ಮೊದಲನೇದರಾಗ ಒಬ್ಬನ ಇದ್ರೂ ಬಾಗಿಲಾ ತಗದಿಟ್ಟಾನ."

"ಎರಡನೇದು?"

"ಮದುವಿಗೆ ಉಟ್ಟ ಜರಿ ಸೀರಿ. ಚಂದ ಐತಿ, ಉಟ್ಟು ಮಲಗಾಕ ಬರೂದಿಲ್ಲ."

ಆ ವರ್ಷ ದೀಪಾವಳಿಯ ಬಟ್ಟೆಗೆಂದು ಅವಳು ನನ್ನ ಜೊತೆ ಗೋಕಾಕಕ್ಕೆ ಬಂದಳು. ಬಟ್ಟೆ ಅಂಗಡಿಗಿಂತ ಮೊದಲು ಕ್ಯಾಸೆಟ್ ಅಂಗಡಿಗೇ ನಡೆದಳು. ತಲೆಮೇಲೆ ಸೆರಗು ಹೊದ್ದ ನಲವತ್ತು ದಾಟಿದ ಹೆಣ್ಣುಮಗಳು ಆ ಉದ್ದ ಕೂದಲಿನವನ ವಿಚಾರ ಎತ್ತಿದ್ದು ಕಂಡು ಅಂಗಡಿಯವರು ಸ್ಟೂಲು ಹಾಕಿಕೊಟ್ಟರು.

"ಮೂರರಾಗ ಎರಡನೇದು ಭಾರಿ ಐತ್ರಿ ಅಕ್ಕಾರ," ಅಂದರು ಅವರು. "ಎಷ್ಟು ಮಂದಿನ್ನ ಕೂಡಿಸಿ ಮಾಡ್ಯಾನ ನೋಡ್ರಿ."

"ಮಂದಿ ಕೂಡಿಸಾಕ ಅಂವಗ ಬ್ಯಾಂಡ್ ಐತೆಲ್ರಿ. ಬಾಜೂ ಕೆಲಸದಾಗೂ ಮಂದೀನ ಬೇಕೇನು?"

ಅಂಗಡಿಯವರು ನಕ್ಕರು. ಕಾಕು, "ಆ ಬ್ಯಾಂಡಿಂದ ಒಂದೀಟ ಹಚ್ರಿ, ಕೇಳೂಣು," ಅಂದಳು.

ಹಚ್ಚಿದರು. ಗಾಜಿನ ಕಪಾಟು ನಡುಗಿತು. ಯಾರೋ ಅರಚುತ್ತಿದ್ದ, ಡ್ರಮ್ಮುಗಳು ಒಂದರ ಮೇಲೊಂದು ಬೀಳುತ್ತಿದ್ದವು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ನನಗೆ ನಾಚಿಕೆಯಾಗಿ ಹೊರಗೆ ಬಂದು ನಿಂತೆ. ಕಾಕು ಕದಲಲಿಲ್ಲ. ತಲೆ ಬಗ್ಗಿಸಿ, ತುಂಬಿದ ಸಂತೆಯಲ್ಲಿ ಪರಿಚಯದವರ ದನಿ ಹುಡುಕುವವಳಂತೆ ಕೇಳಿದಳು. ಆಮೇಲೆ ಬೆರಳೆತ್ತಿದಳು. "ಅಕಾ ನೋಡು, ಅಂವಽ!" ಆ ಗದ್ದಲದ ಒಳಗೆ ನಾಲ್ಕೇ ನಾಲ್ಕು ಸ್ವರ, ನಮ್ಮ ಕೋಣೆಯಲ್ಲಿ ಕೇಳಿದ ರೀತಿಯಲ್ಲೇ ತಡೆದು ತಡೆದು ಬಂದು ಮುಳುಗಿದವು.

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಕಿಟಕಿಯಾಚೆ ಕಬ್ಬಿನ ಹೊಲಗಳು ಹಿಂದೆ ಸರಿಯುತ್ತಿದ್ದವು. "ಅಲ್ಲೆ ಬ್ಯಾಂಡಿನ್ಯಾಗ ಅಂವಾ ಎಲ್ಲಾರ ಜೋಡಿ ಬಂಡಿ ಎಳೀಬೇಕು," ಅಂದಳು. "ನಮ್ಮನಿ ಹಂಗ. ಬಿಟ್ಟು ಓಡಿ ಹೋಗಿಲ್ಲ ನೋಡು. ಆದ್ರ ತನಗಂತ ಒಂದೀಟ ಹೊತ್ತು ಕೇಳಿ ಇಸಕೊಂಡಾನ."

ಅದಾಗಿ ವಾರವಾಗಿರಲಿಲ್ಲ. ಮಧ್ಯಾಹ್ನ ಎರಡೂವರೆಗೆ ಕಾಕಾನ ಜೊತೆ ಸಾಂಗಲಿಯ ವ್ಯಾಪಾರಿಗಳು ಬಂದರು. ಪಡಸಾಲೆಯಿಂದ ಕಾಕಾ ಕೂಗಿದ, "ಏ, ಚಾ ಇಡು. ಮಂದಿ ಬಂದಾರ."

ಟೇಪು ನಡೆದಿತ್ತು. ನಾನು ಎದ್ದೆ. ಕಾಕು ನನ್ನ ಕೈ ಹಿಡಿದು ಕೂರಿಸಿದಳು. ಮಲಗಿದಲ್ಲಿಂದಲೇ, ಸಿಟ್ಟಿಲ್ಲದೆ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಮೂರೂವರಿಗೆ ಬರ್ತೀನ್ರಿ."

ಪಡಸಾಲೆಯಲ್ಲಿ ಯಾರೋ ಕೆಮ್ಮಿದರು. ಆಮೇಲೆ ಅಡುಗೆಮನೆಯಲ್ಲಿ ಡಬ್ಬಿ ತೆಗೆದು ಮುಚ್ಚುವ ಸಪ್ಪಳ. ಕಾಕಾ ಸಕ್ಕರೆ ಹುಡುಕುತ್ತಿದ್ದ. ಕಾಕುವಿನ ಮುಚ್ಚಿದ ಕಣ್ಣಿನ ತುದಿಯಲ್ಲಿ ನೀರು ಬಂದಿತ್ತು, ತುಟಿ ನಗುತ್ತಿತ್ತು. ಅಂದು ಸಂಜೆಯಿಂದ ಅವಳ ಅತ್ತೆ, ಅಂದರೆ ನಮ್ಮ ಅಜ್ಜಿ, ಅವಳ ಜೊತೆ ಮಾತು ಬಿಟ್ಟಳು. ನಾಲ್ಕು ದಿನದ ಮೇಲೆ ಆಡಿದಳು. ಆದರೆ ಮುಂದೆ ಯಾರೂ ಆ ಹೊತ್ತಿನಲ್ಲಿ ಕಾಕುವನ್ನು ಕೂಗಲಿಲ್ಲ. ಕಾಕಾನೇ ಒಮ್ಮೆ, "ಚಾಕ್ಕ ಎಷ್ಟು ಶುಂಠಿ ಹಾಕ್ತಿ?" ಅಂತ ಮುಂಜಾನೆಯೇ ಕೇಳಿ ಇಟ್ಟುಕೊಂಡ.

ನಾನು ಓದು ಮುಗಿಸಿ ಹುಕ್ಕೇರಿಯಲ್ಲಿ ಸಾಲಿ ಮಾಸ್ತರಿಣಿಯಾದೆ. ಹೊಸ ಶತಮಾನ ಬಂದು, ಕ್ಯಾಸೆಟ್ ಅಂಗಡಿಗಳು ಮೊಬೈಲ್ ಅಂಗಡಿಗಳಾಗತೊಡಗಿದ್ದವು. ಬೆಳಗಾವಿಗೆ ಹೋದಾಗ ಆತನ ನಾಲ್ಕನೆಯದು ಸೀಡಿಯಲ್ಲಿ ಸಿಕ್ಕಿತು. ಚಿತ್ರದಲ್ಲಿ ಆತನ ಕೂದಲು ತೆಳ್ಳಗಾಗಿತ್ತು. ತವರಿಗೆ ಹೊರಟ ಕಾಕು ನನ್ನ ಬಾಡಿಗೆ ಮನೆಯಲ್ಲಿ ಒಂದು ದಿನ ಉಳಿದಾಗ ಅದನ್ನು ಹಚ್ಚಿದೆ.

ಎರಡನೇ ಹಾಡು ಮುಗಿಯುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು. ನಾನು ಒಬ್ಬಳೇ ಕೇಳಿದೆ. ಸ್ವರಗಳು ತಿಳಿ, ತಪ್ಪಿಲ್ಲದವು. ಎಲ್ಲೋ ಕೇಳಿದಂತೆಯೂ ಇದ್ದವು. ಅವಳು ಎದ್ದ ಮೇಲೆ ಕೇಳಿದೆ, "ಹೆಂಗ ಐತಿ ಕಾಕು, ಆ ಮೂರರ ಮುಂದ?"

ಅವಳು ಕೂದಲು ಕಟ್ಟಿಕೊಳ್ಳುತ್ತ ಯೋಚಿಸಿದಳು. "ಆವಾಗ ಏನೋ ಹುಡುಕತಿದ್ದ. ಈಗ ಸಿಕ್ಕೈತಿ. ಸಿಕ್ಕದ್ದನ್ನ ತೋರಸಾಕತ್ತಾನ." ಆಮೇಲೆ ಬೇಸರದ ದನಿಯಲ್ಲೇನೂ ಅಲ್ಲ, "ಅಂವಗೂ ವಯಸ್ಸಾತಲ್ಲ. ನೆಮ್ಮದಿಲೆ ಇರಲಿ ಬಿಡು," ಅಂದಳು.

ಆ ಮಾತು ನನಗೆ ಅಷ್ಟಾಗಿ ಒಪ್ಪಿಗೆಯಾಗಲಿಲ್ಲ; ಹುಡುಕುವುದು ನಿಂತರೆ ಹಾಡಿನಲ್ಲಿ ಉಳಿಯುವುದೇನು ಅಂದೆ. ಬಾಗೇವಾಡಿಯ ಬಸ್ಸಿಗೆ ಕಾಯುತ್ತ ನಿಂತಾಗಲೂ ವಾದ ಮಾಡುತ್ತಲೇ ಇದ್ದೆವು. ಬಸ್ಸು ಹೊರಟ ಮೇಲೂ ಅವಳು ಕಿಟಕಿಯಿಂದ ಕೈ ಹೊರಗೆ ಹಾಕಿ ಏನೋ ಹೇಳುತ್ತಿದ್ದಳು. ನನಗೆ ಕೇಳಿಸಲಿಲ್ಲ.