ತಪ್ಪು ನನ್ನ ಕಾಲಿನದಲ್ಲ

ಇಷ್ಟು ವರ್ಷ ಜೀನ್ಸ್ ಹೊಲಿಸಿಕೊಂಡು ಬಂದವಳಿಗೆ ಯಂತ್ರಗಳ ಮೇಲೆ ಪ್ರೀತಿ ಹುಟ್ಟಿದರೆ ಅದರಲ್ಲಿ ಆಶ್ಚರ್ಯವೇನಿದೆ? ಆದರೆ ಬಳ್ಳಾರಿಯಲ್ಲಿ ನಾನು ಹಳೆಯದೊಂದು ಟರ್ಬೊ ಕಾರು ಕೊಂಡಾಗ ಹುಬ್ಬೇರಿಸದವರೇ ಇರಲಿಲ್ಲ. ಮಗನಿಗಾ ಎಂದು ಕೇಳಿದವರೇ ಎಲ್ಲ. ಮಗನಿಗಲ್ಲ, ಗಂಡನಿಗೂ ಅಲ್ಲ. ನನ್ನ ಗಂಡನಿಗೆ ಕಾರೆಂದರೆ ಎಸಿ ತಣ್ಣಗಿದ್ದರೆ ಸಾಕು. ನನಗೇ ಅಂತ ತಗೊಂಡೆ, ನನ್ನ ಹೊಲಿಗೆ ಘಟಕದ ದುಡಿಮೆಯಲ್ಲಿ. ಇಷ್ಟು ಹೇಳುವುದಕ್ಕೂ ಪ್ರತಿ ಸಲ ದನಿ ಏರಿಸಬೇಕಾಗುತ್ತದೆ ಎಂಬುದೇ ನನ್ನ ಮೊದಲ ತಕರಾರು.

ಗಣಿಯ ದುಡ್ಡು ಹರಿದಾಡುತ್ತಿದ್ದ ಕಾಲದಲ್ಲಿ ಯಾರೋ ಶೋಕಿಗೆ ತರಿಸಿದ್ದ ಎರಡು ಬಾಗಿಲಿನ ಕಾರು ಅದು. ಶೋಕಿ ಮುಗಿದ ಮೇಲೆ ತಾಡಪಾಲಿನ ಕೆಳಗೆ ಕೆಂಪು ಧೂಳು ತಿನ್ನುತ್ತಾ ನಿಂತಿತ್ತು. ಟರ್ಬೊ ಅಂದರೆ ಏನೋ ದೊಡ್ಡ ವಿದ್ಯೆಯಲ್ಲ. ಎಂಜಿನ್ನಿನಿಂದ ಹೊರಗೆ ಹೋಗುವ ಹೊಗೆಯೇ ಒಂದು ಪುಟ್ಟ ಫ್ಯಾನು ತಿರುಗಿಸುತ್ತದೆ, ಆ ಫ್ಯಾನು ಎಂಜಿನ್ನಿನೊಳಗೆ ಹೆಚ್ಚು ಗಾಳಿ ತುರುಕುತ್ತದೆ. ಗಾಳಿಯ ಒತ್ತಡ ಹೆಚ್ಚಿದಷ್ಟೂ ಬಲ. ಅದನ್ನು ತೋರಿಸುವುದಕ್ಕೆ ಸ್ಟೇರಿಂಗ್ ಮುಂದೆ ಒಂದು ಮೀಟರ್.

ನನಗೆ ಇದ್ದ ಬಲ ಸಾಲಲಿಲ್ಲ. ಸಿರುಗುಪ್ಪ ರಸ್ತೆಯಲ್ಲಿ ಗ್ಯಾರೇಜು ಇಟ್ಟಿರುವ ಮೇಸ್ತ್ರಿಗೆ ಕಾರು ಒಪ್ಪಿಸಿದೆ. ಗಾಳಿಯನ್ನು ತಂಪು ಮಾಡುವ ದೊಡ್ಡ ಇಂಟರ್‌ಕೂಲರ್ ಹಾಕಿದ, ಸೈಲೆನ್ಸರ್ ಪೈಪು ಅಗಲ ಮಾಡಿದ, ಬಿರುಕು ಬಿಟ್ಟಿದ್ದ ರಬ್ಬರ್ ಪೈಪುಗಳನ್ನೆಲ್ಲ ಬದಲಿಸಿದ, ಒತ್ತಡ ಏರಿಸಿದ. ಹೊರಗಿನಿಂದ ಒಬ್ಬನನ್ನು ಕರೆಸಿ ಲ್ಯಾಪ್‌ಟಾಪ್ ಹಚ್ಚಿ ಎಂಜಿನ್ನಿನ ಕಂಪ್ಯೂಟರನ್ನೂ ಅದಕ್ಕೆ ಹೊಂದಿಸಿದ. ಬ್ರೂಸ್‌ಪೇಟೆಗೆ ಜಿಪ್ಪು, ದಾರ ತರಲು ಹೋದಾಗಲೆಲ್ಲ ಆ ಕಡೆ ಹೋಗಿ ನೋಡಿ ಬರುತ್ತಿದ್ದೆ. ಕೆಲಸ ಅಚ್ಚುಕಟ್ಟಾಗಿತ್ತು, ಅದನ್ನು ಇವತ್ತಿಗೂ ಇಲ್ಲ ಎನ್ನುವುದಿಲ್ಲ.

ಕಾರು ತಯಾರಾದ ದಿನ ಸಿರುಗುಪ್ಪದಿಂದ ನನ್ನ ಅಣ್ಣ ಬಂದ. ಭತ್ತದ ಗದ್ದೆ, ಟ್ರ್ಯಾಕ್ಟರು ಇರುವ ಮನುಷ್ಯ. ಗಾಲಿ ಇರುವುದೆಲ್ಲ ತನಗೆ ಗೊತ್ತು ಎಂದು ತಿಳಿದವನು. ಮೊದಲು ತಾನು ಓಡಿಸಿ ನೋಡುತ್ತೇನೆ ಎಂದು ಮೇಸ್ತ್ರಿಯನ್ನು ಕೂಡಿಸಿಕೊಂಡು ಹೋದ. ವಾಪಸು ಬಂದಾಗ ಇಬ್ಬರ ಕಣ್ಣೂ ಅಗಲವಾಗಿದ್ದವು. ಮೀಟರಿನ ಮುಳ್ಳು ಕೊನೆಯ ಗೀಟಿನ ತನಕ ಹೋಯಿತೆಂದು ಅಣ್ಣ ಕೈ ತಿರುಗಿಸಿ ತೋರಿಸಿದ. ಆಮೇಲೆ ಇಬ್ಬರೂ ಬಾನೆಟ್ಟಿನ ಹತ್ತಿರ ನಿಂತು ಏನೋ ಮಾತಾಡಿದರು. ಲೆಕ್ಕಾಚಾರ ಇರಬೇಕೆಂದು ನಾನು ಚಹಾ ಕುಡಿಯುತ್ತಾ ಕೂತೆ. ಸಣ್ಣ ಕೆಲಸ ಬಾಕಿ ಇದೆ ಎಂದು ಮೇಸ್ತ್ರಿ ಆ ರಾತ್ರಿ ಕಾರನ್ನು ಗ್ಯಾರೇಜಿನಲ್ಲೇ ಇಟ್ಟುಕೊಂಡ.

ಮರುದಿನ ಕುರುಗೋಡಿನ ಕಡೆ ಒಬ್ಬಳೇ ಹೊರಟೆ. ಆ ಗುಂಡುಬಂಡೆ ಗುಡ್ಡಗಳ ಪಕ್ಕದ ಖಾಲಿ ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದೆ. ಮುಳ್ಳು ಅರ್ಧಕ್ಕೆ ಬಂದು ನಿಂತಿತು. ಮತ್ತೆ ಒತ್ತಿದೆ. ಅಲ್ಲೇ. ಮೇಸ್ತ್ರಿಯನ್ನು ಕೇಳಿದರೆ, ಗಾಡಿ ಸರಿ ಇದೆ, ನಿಮ್ಮ ಕೈಗೆ ಒಗ್ಗಬೇಕು ಅಂದ. ಅಣ್ಣನನ್ನು ಕೇಳಿದರೆ ನಕ್ಕ.

"ನಿನ್ನ ಕಾಲು ಮೆತ್ತಗೈತಿ ತಂಗಿ. ನಾ ಕಲಿಸ್ತೀನಿ ಬಿಡು."

ಕಲಿಸಿದ ಕೂಡ! ಭಾನುವಾರ ಬಂದರೆ ಬಸ್ಸು ಹತ್ತಿ ಬಳ್ಳಾರಿಗೆ ಬರುವುದು, ಪಕ್ಕದ ಸೀಟಿನಲ್ಲಿ ಕೂತು ಹಿಮ್ಮಡಿ ಹೀಗೆ ಊರು, ಗೇರು ಹಾಗೆ ಬಿಡು ಎಂದು ಪಾಠ ಮಾಡುವುದು. ನಾನು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿಸಿದೆ. ಗಟ್ಟಿ ಅಟ್ಟೆಯ ಬೂಟು ಕೊಂಡೆ. ಸೀಟು ಮುಂದೆ ಎಳೆದೆ. ಮುಳ್ಳು ಅರ್ಧ ದಾಟಲಿಲ್ಲ. ನನ್ನ ಘಟಕದಲ್ಲಿ ಹೊಲಿಗೆ ತಪ್ಪಿದಾಗ, ನಿಮ್ಮ ಕೈ ಬೈದುಕೊಳ್ಳುವ ಮೊದಲು ಮಷಿನ್ನು ನೋಡ್ರಿ ಎಂದು ಹೆಣ್ಣುಮಕ್ಕಳಿಗೆ ಹೇಳುವವಳು ನಾನೇ. ಅಂಥವಳು ನನ್ನ ಕಾಲನ್ನೇ ಬೈದುಕೊಳ್ಳುತ್ತಾ ಮನೆಗೆ ಬರುತ್ತಿದ್ದೆ. ಈ ವಯಸ್ಸಿನಲ್ಲಿ ನಿನಗೆ ಇದೆಲ್ಲ ಬೇಕಿತ್ತಾ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಕಾರು ಮಾರಿಬಿಡೋಣ ಎಂದೂ ಅನ್ನಿಸಿತ್ತು. ಪಾಠ ಮಾಡಿದ ಅಣ್ಣನಿಗೆ ಮಾತ್ರ ಪ್ರತಿ ಭಾನುವಾರ ಹೋಳಿಗೆ ಮಾಡಿ, ತುಪ್ಪ ಹಾಕಿ ಉಣಿಸಿದೆ.

ಹಚ್ಚೊಳ್ಳಿಯಲ್ಲಿ ನೆಂಟರ ಮನೆಯ ಗೃಹಪ್ರವೇಶ ಬಂತು. ಬಳ್ಳಾರಿಯಿಂದ ಸಿರುಗುಪ್ಪದ ತನಕ ನಾನು ಓಡಿಸಿದೆ. ಅಲ್ಲಿ ಕಾರು ಹತ್ತಿದ ಅಣ್ಣ, ಹೆಂಗಸು ಓಡಿಸುವುದನ್ನು ಹಿರಿಯರು ನೋಡುತ್ತಾರೆ ಎಂದು ಕೀಲಿ ಇಸಿದುಕೊಂಡ. ಊರು ದಾಟಿ ಕಾಲುವೆ ಪಕ್ಕದ ರಸ್ತೆಗೆ ಬಂದಾಗ ಮೊಣಕಾಲು ಕೆರೆದುಕೊಳ್ಳುವವನ ಹಾಗೆ ಕೈ ಕೆಳಗಿಳಿಸಿದ. ಟಿಕ್ ಎಂದು ಸಣ್ಣ ಸದ್ದಾಯಿತು. ಮರುಕ್ಷಣ ನನ್ನ ಬೆನ್ನು ಸೀಟಿಗೆ ಅಂಟಿತು. ಮುಳ್ಳು ಅರ್ಧ ದಾಟಿ, ಕೊನೆಯ ಗೀಟು ಮುಟ್ಟಿತು.

ಗಾಡಿ ನಿಲ್ಲಿಸು ಅಂದೆ. ಇಳಿದು ಬಗ್ಗಿ ನೋಡಿದರೆ ಸ್ಟೇರಿಂಗಿನ ಕೆಳಗೆ, ಕಾಣದ ಮೂಲೆಯಲ್ಲಿ, ಬೆರಳ ತುದಿಯಷ್ಟು ಸ್ವಿಚ್ಚು. ಒಂದು ಕಡೆ ಒತ್ತಿದರೆ ಅರ್ಧ ಬಲ, ಇನ್ನೊಂದು ಕಡೆ ಪೂರ್ತಿ. ಕಾರು ತಯಾರಾದ ದಿನವೇ ಮೇಸ್ತ್ರಿಗೆ ಹೇಳಿ ಇಡಿಸಿದ್ದನಂತೆ.

"ನಿನ್ನ ಒಳ್ಳೇದಕ್ಕ ಮಾಡ್ಸೀನಿ ತಂಗಿ. ಒಮ್ಮಿಗೇ ಜಗ್ಗಿದ್ರ ಅಂಜ್ತಿ ಅಂತ."

"ಅರ್ಧ ಇರ್ಲಿ ಅಂತ ನನಗ ಹೇಳಿದ್ರ ಕೇಳ್ತಿದ್ದೆನೋ ಏನೋ. ಕಾಲು ಮೆತ್ತಗೈತಿ ಅಂದ್ಯಲ್ಲ, ಅದು ಯಾಕ?"

ಅವನು ಕಾಲುವೆ ನೀರು ನೋಡುತ್ತಾ ನಿಂತ.  

ಮರುದಿನ ಬೆಳಿಗ್ಗೆಯೇ ಗ್ಯಾರೇಜಿಗೆ ಹೋದೆ. ಮೇಸ್ತ್ರಿ ತಲೆ ತಗ್ಗಿಸಿದ. ಹಿರಿಯರು ಹೇಳಿದ ಮೇಲೆ ಇಲ್ಲ ಎನ್ನಲಾಗಲಿಲ್ಲ ಎಂದ. ಸರಿ, ಈಗ ನಾನು ಹೇಳುತ್ತಿದ್ದೇನೆ, ಅದನ್ನು ಕಿತ್ತು ಹಾಕು ಎಂದೆ. ಅವನು ಕೈ ಒರೆಸಿಕೊಂಡು ಫೋನು ತೆಗೆದ.

"ಅಣ್ಣಾರಿಗೆ ಒಂದ್ ಮಾತು ಕೇಳ್ಲೇನ್ರಿ ಅಕ್ಕಾರ?"

ಕಾರು ನನ್ನ ಹೆಸರಲ್ಲಿದೆ. ದುಡ್ಡು ನನ್ನದು. ಎದುರಿಗೆ ನಿಂತಿರುವವಳು ನಾನು. ಆದರೂ ಕೇಳಬೇಕಾದದ್ದು ಸಿರುಗುಪ್ಪದಲ್ಲಿರುವವನನ್ನು! ನನ್ನ ಮೈಯೆಲ್ಲ ಉರಿಯಿತು. ಅವನ ಡಬ್ಬಿಯಿಂದ ಕಟಿಂಗ್ ಪ್ಲೈಯರ್ ತೆಗೆದುಕೊಂಡು ಸ್ಟೇರಿಂಗಿನ ಕೆಳಗೆ ತಲೆ ಹಾಕಿದೆ. ಯಾವ ತಂತಿ ಯಾವುದಕ್ಕೆ ಕೂಡಬೇಕು, ಅಷ್ಟು ಹೇಳು ಸಾಕು ಎಂದೆ. ಹೇಳಿದ. ಕೂಡಿಸಿ ಟೇಪು ಸುತ್ತಿ, ಸ್ವಿಚ್ಚನ್ನು ಪರ್ಸಿಗೆ ಹಾಕಿಕೊಂಡೆ.

ಅಲ್ಲಿಂದ ನೇರ ಕುರುಗೋಡು ರಸ್ತೆಗೆ ಹೋದೆ. ಅದೇ ರಸ್ತೆ, ಅದೇ ಕಾಲು, ಕಾಲಿಗೆ ಅದೇ ಸವೆದ ಚಪ್ಪಲಿ. ಮುಳ್ಳು ತಡೆಯಿಲ್ಲದೆ ಕೊನೆಯ ತನಕ ಹೋಯಿತು. ಖುಷಿಯಾಯಿತು, ಸುಳ್ಳು ಹೇಳಲಾರೆ. ಗಾಡಿ ಬದಿಗೆ ಹಾಕಿದ ಮೇಲೆ ಅಳು ಬಂತು. ನನ್ನ ಕಾಲನ್ನು ನಾನೇ ಅಷ್ಟು ಬೈದಿದ್ದೆನಲ್ಲ, ಆ ಸಿಟ್ಟು ಇನ್ನೂ ಆರಿಲ್ಲ.

ಕೆಲವು ದಿನಗಳಾದ ಮೇಲೆ ಅಣ್ಣ ಫೋನು ಮಾಡಿದ. ಸಿಟ್ಟು ಇಳಿಯಿತೇ, ಈ ಭಾನುವಾರ ಹೋಳಿಗೆ ಉಂಟೇ ಎಂದು ಮೆಲ್ಲಗೆ ಕೇಳಿದ.

"ಐತಿ, ಬಾ. ನಾನ ಬಂದು ಕರ್ಕೊಂಡು ಬರ್ತೀನಿ. ನೀ ಪಕ್ಕದಾಗ ಕುಂದ್ರು."



"ಬ್ಯಾಡ ತಂಗಿ," ಅಂದ. "ಬಸ್ಸು ಬಾಳ ಅದಾವ."