ತಂತಿಯ ಕೆಳಗಿನ ಹುಲ್ಲು

ಪುಣೆ ಹತ್ತಿರದ ತಳೇಗಾಂವ ದಾಭಾಡೆಯ ಆಚೆ ನಾವು ಆಕಳು ಮೇಯಿಸುವ ಬಾಡಿಗೆಯ ಜಾಗ ಮೊದಲು ಆರು ಪಟ್ಟಿಯಾಗಿತ್ತು. ಒಂದನ್ನು ಮೇಯ್ದು ಮುಗಿಸಿದ ದನಗಳನ್ನು ಮುಂದಿನದಕ್ಕೆ ಬಿಡುವುದು, ಮೇಯ್ದದ್ದನ್ನು ಹುಲ್ಲು ಮೊಣಕಾಲಿಗೆ ಬರುವವರೆಗೆ ಮುಟ್ಟದೆ ಇಡುವುದು, ಇದು ನಮ್ಮ ಯಜಮಾನರ ಪದ್ಧತಿ. ನಡುವೆ ಬ್ಯಾಟರಿಯ ತಂತಿ. ಒಮ್ಮೆ ಮೂಗಿಗೆ ಜುಮ್ಮೆಂದರೆ ದನ ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ. ಹಡೆದವಳಿಗೆ ಬಾಣಂತನ ಬೇಕಾದಂತೆ ಮೇಯಿಸಿದ ನೆಲಕ್ಕೂ ಬೇಕು ಎಂಬುದು ನನಗೆ ಯಾರೂ ಹೇಳದೆ ತಿಳಿಯಿತು.

ಈ ವರ್ಷ ಜಾಗದ ಮಾಲೀಕರು ರಸ್ತೆ ಕಡೆಯ ಪಟ್ಟಿಗಳನ್ನು ಪ್ಲಾಟ್ ಮಾಡಿ ಮಾರಿದರು. ಉಳಿದದ್ದು ಮೂರು. ದಸರೆಯ ಹೊತ್ತಿಗೆ ಅದರಲ್ಲಿ ಎರಡು ಬರೀ ಕೆಸರು. ಮೂರನೆಯದನ್ನು ಕೆಂದಾಕಳಿಗೆಂದು ಕಾಯ್ದಿಟ್ಟೆವು. ತುಂಬು ಗಬ್ಬ ಅದು. ಬೆನ್ನೆಲುಬು ಎದ್ದು ಕಾಣುತ್ತಿತ್ತು. ಹಸಿ ಮೇವು ಸಿಗದಿದ್ದರೆ ಕರು ಹಾಕುವಾಗ ತಾಯಿ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿ ಹೋಗಿದ್ದರು. ಕರು ಹಾಕುವವರೆಗೂ ಸಾಲಲೆಂದು, ದೀಪಾವಳಿ ಮುಗಿದ ಮೇಲೆ ಅದೊಂದನ್ನೇ ಒಳಗೆ ಬಿಡುವುದು, ಉಳಿದವಕ್ಕೆ ಮಾರ್ಕೆಟ್ ಯಾರ್ಡಿನಿಂದ ತಂದ ಕೋಸಿನ ಎಲೆ, ಎಂದು ಮಾತಾಗಿತ್ತು.

ವಸುಬಾರಸಿನ ದಿನ ಯಜಮಾನರು ಆ ಎಲೆ ತರಲೆಂದೇ ಹೋಗಿದ್ದರು. ದೀಪಾವಳಿಗೆ ಮೊದಲು ಇಲ್ಲಿ ಆಕಳು-ಕರುವನ್ನು ಒಟ್ಟಿಗೆ ಪೂಜಿಸುವ ದಿನ ಅದು. ಅಂದು ಹೆಂಗಸರು ಹಾಲು ಮುಟ್ಟುವುದಿಲ್ಲ. ರಸ್ತೆಯಾಚೆಯ ಕಾಲೊನಿಯ ಹೆಂಗಸರು ಪ್ರತಿ ವರ್ಷದಂತೆ ಆರತಿ ತಟ್ಟೆ ಹಿಡಿದು ಬಂದರು. ಒಳ್ಳೆಯ ಮಂದಿ. ಒಬ್ಬಾಕೆ ತನ್ನ ಸೆರಗಿನಿಂದಲೇ ಕರುವಿನ ಕಾಲು ಒರೆಸಿದಳು. ಕೆಸರಿನಲ್ಲಿ ಪೂಜೆ ಹೇಗೆ, ಅಲ್ಲಿ ಹಸಿರಿದೆಯಲ್ಲ ವಹಿನಿ, ಎಂದು ನನ್ನನ್ನು ಮರಾಠಿಯಲ್ಲಿ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಬ್ಯಾಟರಿ ಬಂದ್ ಮಾಡಿ ತಂತಿಯ ಕೊಕ್ಕೆ ಬಿಚ್ಚಿದ್ದರು.

"ಬ್ಯಾಡ್ರಿ ಅತ್ತಿ, ಅದು ಕೆಂದಾಕಳಿಂದು," ಎಂದೆ.

"ವರ್ಷಕ್ಕೊಂದು ದಿನ. ಗೋಮಾತಾನ್ನ ಹೊಲಸಿನಾಗ ನಿಂದರಿಸಿ ಕುಂಕುಮಾ ಹಚ್ಚತೀಯೇನು? ಭಾಳ ಶಾಣ್ಯಾಕಿ ಆಗಬ್ಯಾಡ, ಅತ್ತಾಗ ಸರಿ."

ಒಂದು ಆಕಳು, ಒಂದು ಕರು ಒಳಗೆ ಹೋದವು. ಅವುಗಳ ಹಿಂದೆ ಉಳಿದವೆಲ್ಲ. ಹೊಟ್ಟೆ ಹಸಿದವುಗಳಿಗೆ ಯಾರು ಹೇಳಬೇಕು? ಹೆಂಗಸರು ಸಂತೋಷದಿಂದ ಕೈ ಮುಗಿದರು. ಅಟ್ಟಲು ಕೋಲೆತ್ತಿದರೆ, ಹಬ್ಬದ ದಿನ ಆಕಳ ಬಾಯಿಂದ ಹುಲ್ಲು ಕಸಿಯಬಾರದು ಎಂದು ಒಬ್ಬಾಕೆ ಮೆಲ್ಲಗೆ ನನ್ನ ಕೈ ಹಿಡಿದಳು. ಆರತಿ ಮುಗಿಯುವಷ್ಟರಲ್ಲಿ ಮೊಣಕಾಲುದ್ದದ ಹುಲ್ಲು ಅರ್ಧ ಹೊಟ್ಟೆಗೆ, ಅರ್ಧ ಗೊರಸಿನ ಕೆಳಗೆ ಹೋಗಿತ್ತು. ಕೆಂದಾಕಳು ಮಾತ್ರ ಬರಲಿಲ್ಲ. ಕೊಟ್ಟಿಗೆಯಲ್ಲಿ ಅದಕ್ಕೆ ಏಳಲಾಗಿರಲಿಲ್ಲ.

ಯಜಮಾನರು ಬಂದವರು ಬೈಯಲಿಲ್ಲ. ಕುಕ್ಕರಗಾಲಲ್ಲಿ ಕುಳಿತು ಬುಡವನ್ನು ಬೆರಳಿಂದ ಬಿಡಿಸಿ ನೋಡಿದರು.

"ಬುಡಕ್ಕ ಬಾಯಿ ಹಾಕ್ಯಾವು. ಥಂಡಿ ಬಂತು, ಇನ್ನ ಚಿಗರೂದಿಲ್ಲ," ಎಂದರು. ಅವರು ಬೈದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಕೋಸಿನ ಎಲೆಯನ್ನು ಕೆಂದಾಕಳು ಮೂಸಿ ಮುಖ ತಿರುಗಿಸಿತು. ಅದರ ಕಣ್ಣು ನೋಡಲಾಗದೆ ಹೊರಗೆ ಬಂದೆ. ಸಂಜೆಯ ಬೆಳಕಿನಲ್ಲಿ ತಂತಿಯ ಕೆಳಗೆ ಗೇಣಗಲದ ಹಸಿರು ಉದ್ದಕ್ಕೂ ಹಾಗೇ ನಿಂತಿತ್ತು. ಬ್ಯಾಟರಿ ಬಂದಾದದ್ದು ದನಗಳಿಗೆ ಗೊತ್ತಿರಲಿಲ್ಲ. ಹೆದರಿ ಅಷ್ಟನ್ನು ಬಿಟ್ಟಿದ್ದವು. ದೇವರೇ ಎಂದು ಕುಡುಗೋಲು ತಂದು ಕುಳಿತೆ. ಕೊಯ್ದು ಕೊಯ್ದು ಉಡಿಯಲ್ಲಿ ತುಂಬಿಕೊಂಡೆ. ಸ್ವಲ್ಪ ಹೊತ್ತಿಗೆ ಅತ್ತೆ ಬಂದು ನನ್ನ ಕೈಗೆ ಅನುಕೂಲವಾಗಲೆಂದು ತಂತಿಯನ್ನು ಮೇಲೆತ್ತಿ ಹಿಡಿದರು.

"ತಿಂದೀತೇನ?" ಎಂದು ಕೇಳಿದರು.

ಕೆಂದಾಕಳು ಮಲಗಿದಲ್ಲಿಂದಲೇ ಕತ್ತು ಚಾಚಿ ನನ್ನ ಉಡಿಯಿಂದ ತಿಂದಿತು. ತಂತಿಯ ಹುಲ್ಲು ಎಲ್ಲಾ ಸೇರಿದರೂ ಎರಡು ಹೊತ್ತಿಗೆ ಆಗುವಷ್ಟು. ಕರು ಹಾಕಲು ಇನ್ನೂ ವಾರಗಳಿದ್ದವು. ದೇವರ ಮುಂದೆ ದೀಪ ಹಚ್ಚುವಾಗ ಅಷ್ಟೂ ದಿನದ ಮೇವನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಇವತ್ತು ತಿನ್ನಿಸಿದೆ, ನಾಳೆ ಬೆಳಿಗ್ಗೆ ಅದನ್ನು ಎಬ್ಬಿಸಿ ನಿಲ್ಲಿಸಪ್ಪಾ, ಎಂದಷ್ಟೇ ಕೇಳಿಕೊಂಡೆ.