ನಿಮಿಷಕ್ಕೆ ಇಪ್ಪತ್ತು

ಇಡೀ ಆಸ್ಪತ್ರೆ ದೊಡ್ಡಕ್ಕ ಎಂದು ಕರೆಯುತ್ತಿದ್ದ ಆ ನರ್ಸ್ ನಲವತ್ತೇಳನೇ ವಯಸ್ಸಿನಲ್ಲಿ ರಜೆ ಹಾಕಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ನರ್ಸಿಂಗ್ ಸೇರಿದರು. ಮಗಳು ಅದೇ ಕಟ್ಟಡದಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಅಮ್ಮ ಬ್ಯಾಗು ನೇತುಹಾಕಿಕೊಂಡು ಕ್ಯಾಂಟೀನಿಗೆ ಬಂದರೆ ಗೆಳತಿಯರು ಎದ್ದು ನಿಲ್ಲುತ್ತಿದ್ದರು. ಮಗಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಓದು ಮುಗಿದರೆ ಅಲ್ಲೇ ಪಾಠ ಮಾಡುವ ಕೆಲಸ ಸಿಗುವುದಿತ್ತು. ದೊಡ್ಡಕ್ಕನಿಗೆ ಅದೊಂದೇ ಆಸೆ.

ಪ್ರಬಂಧಕ್ಕೆ ಅವರು ಆರಿಸಿಕೊಂಡದ್ದು ಉಸಿರು. ಜ್ವರ, ನಾಡಿ, ರಕ್ತದೊತ್ತಡ ಎಲ್ಲವನ್ನೂ ಯಂತ್ರ ಹೇಳುತ್ತದೆ. ಉಸಿರನ್ನು ಮಾತ್ರ ರೋಗಿಯ ಎದೆ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಬೇಕು. ನಲವತ್ತು ಹಾಸಿಗೆಗೆ ಇಬ್ಬರು ನರ್ಸುಗಳಿರುವ ವಾರ್ಡಿನಲ್ಲಿ ಆ ನಿಮಿಷವನ್ನು ಎಲ್ಲಿಂದ ತರುವುದು? ಹಾಗಾಗಿ ಚಾರ್ಟಿನಲ್ಲಿ ಎಲ್ಲರೂ ಆರೋಗ್ಯವಂತರ ಲೆಕ್ಕದಂತೆ ಇಪ್ಪತ್ತು ಎಂದು ಗೀಚಿ ಮುಂದೆ ಹೋಗುತ್ತಾರೆ. ಇದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಬೆಕ್ಕಿಗೆ ಗಂಟೆ ಕಟ್ಟುವವರು ಇರಲಿಲ್ಲ, ಅಷ್ಟೆ.

ತಮ್ಮ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಚೀಟಿ ಎತ್ತಿ ಆರುನೂರು ಹಳೆಯ ಚಾರ್ಟುಗಳನ್ನು ತೆಗೆಸಿದರು. ಐನೂರ ನಲವತ್ತರಲ್ಲಿ ಬರೀ ಇಪ್ಪತ್ತು. ಅಂಕಿ ಬರೆದುಕೊಳ್ಳಲು ಕೂತಿದ್ದ ಮಗಳು ಒಂದು ಚಾರ್ಟಿಗೆ ಬಂದು ಪೆನ್ನು ನಿಲ್ಲಿಸಿದಳು.

"ಅಮ್ಮಾ, ಇದು ನಿನ್ನ ಸಹಿ ಅಲ್ವಾ?"

ಹನ್ನೊಂದು ವರ್ಷ ಹಿಂದಿನದು. ನ್ಯುಮೋನಿಯಾ ಆಗಿದ್ದ ಒಬ್ಬ ಬಡಗಿ. ಬೆಳಗ್ಗೆ ಎಂಟಕ್ಕೆ ಇಪ್ಪತ್ತು, ಹತ್ತಕ್ಕೆ ಇಪ್ಪತ್ತು, ಹನ್ನೆರಡಕ್ಕೆ ಇಪ್ಪತ್ತು. ಹನ್ನೆರಡೂವರೆಗೆ ಉಸಿರು ನಿಂತಿತೆಂದು ವೈದ್ಯರ ಷರಾ. ದೊಡ್ಡಕ್ಕ ಎಷ್ಟು ಯೋಚಿಸಿದರೂ ಆತನ ಮುಖ ನೆನಪಾಗಲಿಲ್ಲ. ಅದಕ್ಕೆ ಅವರಿಗೆ ತುಂಬಾ ನಾಚಿಕೆಯಾಯಿತು.

"ಇದನ್ನ ವಾಪಸ್ ಇಟ್ಟು ಇನ್ನೊಂದು ಚೀಟಿ ಎತ್ತಮ್ಮ. ಕೆಲಸ ಕೈಗೆ ಬರೋ ಹೊತ್ತಲ್ಲಿ ನಿನ್ನ ತಲೆ ಮೇಲೆ ನೀನೇ ಚಪ್ಪಡಿ ಎಳ್ಕೋತೀಯಾ?"

"ಆಮೇಲೆ ನಿಮ್ಗೆಲ್ಲ ಎಣಿಸಿ ಅಂತ ಯಾವ ಬಾಯಲ್ಲಿ ಹೇಳ್ಲೇ? ಬರ್ಕೋ."

ಮಗಳು ಮುಖ ಊದಿಸಿಕೊಂಡು ಬರೆದುಕೊಂಡಳು. ಪ್ರಬಂಧದಲ್ಲಿ ಯಾರ ಹೆಸರೂ ಹಾಕುವಂತಿಲ್ಲ, ಆದ್ದರಿಂದ ಅಲ್ಲಿ 'ಒಬ್ಬ ಶುಶ್ರೂಷಕಿ' ಎಂದಷ್ಟೇ ಇತ್ತು. ಬಾಯಿ ಮುಚ್ಚಿಕೊಂಡಿದ್ದರೆ ದಡ ಸೇರಬಹುದಿತ್ತು. ಸೇರಲಿಲ್ಲ, ಪದವಿಯೇನೋ ಬಂತು, ಆದರೆ ಪಾಠದ ಕೆಲಸ ಬೇರೆಯವರಿಗೆ ಹೋಯಿತು ಎಂದು ಈಗಲೇ ಹೇಳಿಬಿಡುತ್ತೇನೆ. ಮೊಂಡುತನ ಎಂದು ಆಡಿಕೊಂಡವರೇ ಹೆಚ್ಚು. ಅದೇ ಆಸ್ಪತ್ರೆಯಲ್ಲಿ ಅವರ ಜೊತೆ ದುಡಿದ ನಾನೂ ಆಡಿಕೊಂಡೆ, ಮೌಖಿಕ ಪರೀಕ್ಷೆಯಲ್ಲಿ ನಡೆದದ್ದನ್ನು ಮಗಳ ಬಾಯಿಂದ ಕೇಳುವವರೆಗೆ.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಆ ಪುಟ ತೆಗೆದು ಕೇಳಿದರಂತೆ: "ಈ ಶುಶ್ರೂಷಕಿ ಯಾರು ಅಂತ ನಿಮ್ಗೆ ಗೊತ್ತಾ?"

"ಗೊತ್ತು ಸರ್. ನಾನೇ."

ಅವರು ಪ್ರಬಂಧ ಮುಚ್ಚಿ, ತಗ್ಗಿದ ದನಿಯಲ್ಲಿ, "ಹೋಗ್ಲಿ ಬಿಡಿ. ಎಣಿಸಿದ್ರೂ ಆತ ಉಳೀತಿದ್ನೋ ಇಲ್ವೋ," ಎಂದರು.

"ಅದು ಗೊತ್ತಾಗೋ ಹಾಗೇ ಇಲ್ಲ ಸರ್," ಎಂದರಂತೆ ದೊಡ್ಡಕ್ಕ. "ನಾನು ಎಣಿಸ್ಲೇ ಇಲ್ವಲ್ಲ."